ಪ್ರಶ್ನೋತ್ತರ: ತನ್ನನ್ನೇ ಕರೆಯುವ ಫಂಕ್ಷನ್ ಉತ್ತರವನ್ನು ಯಾರ ಕೈಗೆ ಕೊಡುತ್ತದೆ?

ರಿಕರ್ಷನ್ (ಫಂಕ್ಷನ್ ಒಂದು ತನ್ನನ್ನೇ ಕರೆದುಕೊಳ್ಳುವುದು) ಕುರಿತು ಬಂದಿರುವ ಪತ್ರಗಳಲ್ಲಿ ಹೆಚ್ಚಿನವು ಒಂದೇ ತೊಡಕನ್ನು ಬೇರೆ ಬೇರೆ ರೂಪದಲ್ಲಿ ಮುಂದಿಟ್ಟಿರುವುದರಿಂದ ಈ ಸಂಚಿಕೆಯ ಅಂಕಣವನ್ನು ಪೂರ್ತಿಯಾಗಿ ಅದಕ್ಕೇ ಮೀಸಲಿಟ್ಟಿದ್ದೇನೆ. ಓದುಗರು ಹಲವು ಭಾಷೆಗಳಲ್ಲಿ ಕೋಡ್ ಕಳುಹಿಸಿದ್ದಾರೆ. ಓದಲು ಅನುಕೂಲವಾಗಲೆಂದು ಅದನ್ನೆಲ್ಲ ಕನ್ನಡ ಲಿಪಿಯಲ್ಲಿ, ಪೈಥಾನ್‌ನ ಜಾಡಿಗೆ ಹತ್ತಿರವಾದ ಒಂದೇ ರೂಪಕ್ಕೆ ತಂದುಕೊಂಡಿದ್ದೇನೆ.

ಪ್ರಶ್ನೆ: ಎರಡು ಸಂಖ್ಯೆಗಳ ಮಹತ್ತಮ ಸಾಮಾನ್ಯ ಅಪವರ್ತನವನ್ನು ಕಂಡುಹಿಡಿಯಲು ಪೈಥಾನ್‌ನಲ್ಲಿ ಹೀಗೆ ಬರೆದಿದ್ದೇನೆ:

    ಫಂಕ್ಷನ್ ಮಸಾಅ(ಅ, ಬ):
        ಬ == 0 ಆದರೆ:
            ಪ್ರಿಂಟ್(ಅ)
            ರಿಟರ್ನ್ ಅ
        ಮಸಾಅ(ಬ, ಅ % ಬ)

ಮಸಾಅ(48, 18) ಎಂದು ಕರೆದರೆ ಪರದೆಯ ಮೇಲೆ 6 ಸರಿಯಾಗಿಯೇ ಮೂಡುತ್ತದೆ. ಆದರೆ ಅದೇ ಉತ್ತರವನ್ನು ಒಂದು ವೇರಿಯಬಲ್‌ನಲ್ಲಿ ಹಿಡಿದು ನೋಡಿದರೆ ‘ನನ್’ (None, ಅಂದರೆ ಏನೂ ಇಲ್ಲ) ಎಂದು ಬರುತ್ತದೆ. ರಿಟರ್ನ್‌ಗೆ ಹಿಂದಿನ ಸಾಲಿನಲ್ಲೇ 6 ಎಂದು ಮುದ್ರಿಸಿದ ಫಂಕ್ಷನ್ ಮರುಕ್ಷಣವೇ ಏನೂ ಇಲ್ಲವೆಂದು ಹೇಳುವುದು ಹೇಗೆ?

ಉತ್ತರ: 6 ಎಂದು ಮುದ್ರಿಸಿದ ಕರೆ ಬೇರೆ, ನಿಮಗೆ ಉತ್ತರ ಕೊಟ್ಟ ಕರೆ ಬೇರೆ. ಎರಡಕ್ಕೂ ಒಂದೇ ಹೆಸರು, ಒಂದೇ ಕೋಡ್ ಇರುವುದರಿಂದ ಅವು ಒಂದೇ ಎಂಬ ಭ್ರಮೆ ಹುಟ್ಟುತ್ತದೆ. ನಿಮ್ಮ ಕರೆ ಆರಂಭವಾದ ಮೇಲೆ ನಡೆಯುವುದನ್ನು ಹೆಜ್ಜೆ ಹೆಜ್ಜೆಯಾಗಿ ನೋಡೋಣ. ‘ಅ % ಬ’ ಎಂದರೆ ಅ ಅನ್ನು ಬ ಇಂದ ಭಾಗಿಸಿದಾಗ ಉಳಿಯುವ ಶೇಷ. ಮಸಾಅ(48, 18) ತನ್ನೊಳಗೆ ಮಸಾಅ(18, 12) ಅನ್ನು ಕರೆಯುತ್ತದೆ, ಅದು ಮಸಾಅ(12, 6) ಅನ್ನು, ಅದು ಮಸಾಅ(6, 0) ಅನ್ನು. ಈ ಗಳಿಗೆಯಲ್ಲಿ, ಇನ್ನೂ ಮುಗಿಯದ ಕರೆಗಳನ್ನು ಪೇರಿಸಿಡುವ ಕಾಲ್ ಸ್ಟ್ಯಾಕ್‌ನಲ್ಲಿ ನಾಲ್ಕು ಕರೆಗಳು ಒಂದರ ಮೇಲೊಂದು ಕುಳಿತಿರುತ್ತವೆ. ಪ್ರತಿಯೊಂದಕ್ಕೂ ತನ್ನದೇ ಆದ ಅ, ತನ್ನದೇ ಆದ ಬ. ನಾಲ್ಕನೆಯ ಕರೆಯಲ್ಲಿ ಬ ಸೊನ್ನೆಯಾಗಿರುವುದರಿಂದ ಅದು 6 ಎಂದು ಮುದ್ರಿಸಿ, 6 ಅನ್ನು ರಿಟರ್ನ್ ಮಾಡುತ್ತದೆ.

ಯಾರಿಗೆ ರಿಟರ್ನ್ ಮಾಡುತ್ತದೆ ಎಂಬುದರಲ್ಲೇ ಎಲ್ಲ ಅಡಗಿದೆ. ರಿಟರ್ನ್ ಎಂಬುದು ಮೌಲ್ಯವನ್ನು ಒಂದೇ ಒಂದು ಮೆಟ್ಟಿಲು ಮೇಲಕ್ಕೆ, ತನ್ನನ್ನು ಕರೆದವರಿಗೆ ಮಾತ್ರ ತಲುಪಿಸುತ್ತದೆ. ನಾಲ್ಕನೆಯ ಕರೆಯ 6 ಮೂರನೆಯ ಕರೆಯ ಕೈಗೆ ಬಂತು. ಮೂರನೆಯದು ಅದನ್ನು ಏನು ಮಾಡಬೇಕೆಂದು ನೀವು ಬರೆದಿಲ್ಲ. ಕೊನೆಯ ಸಾಲು ‘ಕರೆ’ ಎಂದಷ್ಟೇ ಹೇಳುತ್ತದೆ, ಬಂದದ್ದನ್ನು ಹಿಡಿ ಎಂದಾಗಲಿ ಮುಂದಕ್ಕೆ ಕೊಡು ಎಂದಾಗಲಿ ಹೇಳುವುದಿಲ್ಲ. ಹಾಗಾಗಿ 6 ಅಲ್ಲೇ ಬಿದ್ದುಹೋಗುತ್ತದೆ. ಮೂರನೆಯ ಕರೆ ರಿಟರ್ನ್ ಇಲ್ಲದೆಯೇ ಮುಗಿಯುತ್ತದೆ. ಪೈಥಾನ್‌ನಲ್ಲಿ ಹಾಗೆ ಮುಗಿದ ಫಂಕ್ಷನ್‌ನ ಬೆಲೆ ‘ನನ್’. ಎರಡನೆಯ ಕರೆಗೂ ಮೊದಲನೆಯದಕ್ಕೂ ಇದೇ ಗತಿ. ಸಾಲಾಗಿ ನಿಂತು ಕೈಯಿಂದ ಕೈಗೆ ನೀರಿನ ಕೊಡ ದಾಟಿಸುವವರಲ್ಲಿ ಒಬ್ಬರು ಕೊಡ ಪಡೆದು ಕೆಳಗಿಟ್ಟುಬಿಟ್ಟರೆ ಸಾಲಿನ ಕೊನೆಯವರಿಗೆ ಸಿಗುವುದು ಬರಿಗೈ.

ಪರಿಹಾರ ಒಂದೇ ಪದದ್ದು. ಕೊನೆಯ ಸಾಲನ್ನು ‘ರಿಟರ್ನ್ ಮಸಾಅ(ಬ, ಅ % ಬ)’ ಎಂದು ಬದಲಿಸಿದರೆ ಪ್ರತಿಯೊಂದು ಕರೆಯೂ ಕೆಳಗಿನಿಂದ ಬಂದದ್ದನ್ನು ಮೇಲಕ್ಕೆ ದಾಟಿಸುತ್ತದೆ.

ಈ ದೋಷ ಕಣ್ತಪ್ಪಿಸಿಕೊಳ್ಳಲು ಇನ್ನೊಂದು ಕಾರಣವಿದೆ. ಮಸಾಅ(6, 0) ಎಂದು ನೇರವಾಗಿ ಕರೆದು ಪರೀಕ್ಷಿಸಿದರೆ ನಿಮ್ಮ ಹಳೆಯ ಕೋಡ್ ಕೂಡ 6 ಅನ್ನೇ ಕೊಡುತ್ತದೆ, ಏಕೆಂದರೆ ಅಲ್ಲಿ ಬೇಸ್ ಕೇಸ್ (ಮತ್ತೆ ತನ್ನನ್ನು ಕರೆಯದೆ ಉತ್ತರ ಕೊಡುವ ಸಂದರ್ಭ) ನೇರವಾಗಿ ನಿಮಗೇ ಉತ್ತರಿಸುತ್ತದೆ. ಆದ್ದರಿಂದ ರಿಕರ್ಸಿವ್ ಫಂಕ್ಷನ್ ಅನ್ನು ಪರೀಕ್ಷಿಸುವಾಗ ಕನಿಷ್ಠ ಎರಡು ಮೆಟ್ಟಿಲು ಕೆಳಗಿಳಿಯುವ ಉದಾಹರಣೆಯೊಂದು ಇರಲೇಬೇಕು. ಫಂಕ್ಷನ್‌ನ ಒಳಗಿನ ಪ್ರಿಂಟ್ ಅನ್ನು ಉತ್ತರವೆಂದು ನಂಬಬೇಡಿ. ಅದು ಪರದೆಗೆ ಹೇಳುತ್ತದೆಯೇ ಹೊರತು ಕರೆದವರಿಗೆ ಹೇಳುವುದಿಲ್ಲ.

ಭಾಷೆಯಿಂದ ಭಾಷೆಗೆ ಈ ತಪ್ಪಿನ ಮುಖ ಬದಲಾಗುತ್ತದೆ. ಜಾವಾಸ್ಕ್ರಿಪ್ಟ್ ‘ಅನ್‌ಡಿಫೈನ್ಡ್’ ಎಂದು ಕೊಟ್ಟು ಸುಮ್ಮನಾಗುತ್ತದೆ. ಜಾವಾ ಮತ್ತು ಗೋ ಭಾಷೆಗಳ ಕಂಪೈಲರ್‌ಗಳು ಇಂಥ ಫಂಕ್ಷನ್ ಅನ್ನು ಒಪ್ಪುವುದೇ ಇಲ್ಲ. ರೂಬಿ ಮತ್ತು ಲಿಸ್ಪ್‌ಗಳಲ್ಲಿ ಕೊನೆಯಲ್ಲಿ ಬಂದ ಮೌಲ್ಯವೇ ಫಂಕ್ಷನ್‌ನ ಉತ್ತರವಾಗುವುದರಿಂದ ನಿಮ್ಮ ಕೋಡ್‌ನ ತದ್ರೂಪು ಅಲ್ಲಿ ಸರಿಯಾಗಿಯೇ ನಡೆಯುತ್ತಿತ್ತು. ಒಂದು ಭಾಷೆಯಿಂದ ಇನ್ನೊಂದಕ್ಕೆ ದಾಟಿದವರು ಎಡವುವುದು ಹೆಚ್ಚಾಗಿ ಇಲ್ಲಿಯೇ.

ಪ್ರಶ್ನೆ: ನಾನು ಸಿ ಭಾಷೆಯಲ್ಲಿ ಇಂಥದ್ದೇ ಫಂಕ್ಷನ್ ಬರೆದಿದ್ದೇನೆ. ರಿಕರ್ಸಿವ್ ಕರೆಯ ಮುಂದೆ ರಿಟರ್ನ್ ಹಾಕಿಲ್ಲವಾದರೂ ಉತ್ತರ ಪ್ರತಿ ಸಲವೂ ಸರಿಯಾಗಿ ಬರುತ್ತಿದೆ. ಹಾಗಿದ್ದ ಮೇಲೆ ಅದು ಅಗತ್ಯವೆಂದು ಹೇಗೆ ಹೇಳುತ್ತೀರಿ?

ಉತ್ತರ: ನಿಮ್ಮ ಪ್ರೋಗ್ರಾಂ ಸರಿಯಾಗಿಲ್ಲ, ತಪ್ಪು ಹೊರಗೆ ಕಾಣುತ್ತಿಲ್ಲ ಅಷ್ಟೆ. ಇಂದಿನ ಬಹುಪಾಲು ಲ್ಯಾಪ್‌ಟಾಪ್‌ಗಳಲ್ಲಿರುವ 64 ಬಿಟ್‌ನ ಎಕ್ಸ್86 ಪ್ರೊಸೆಸರ್‌ಗಳಲ್ಲಿ, ಫಂಕ್ಷನ್ ಒಂದು ಪೂರ್ಣಾಂಕವನ್ನು ರಿಟರ್ನ್ ಮಾಡುವಾಗ ಅದನ್ನು ಆರ್‌ಎಎಕ್ಸ್ ಎಂಬ ರಿಜಿಸ್ಟರ್‌ನಲ್ಲಿ ಇಡುವುದು ವಾಡಿಕೆ (ರಿಜಿಸ್ಟರ್ ಎಂದರೆ ಪ್ರೊಸೆಸರ್ ಒಳಗಿರುವ, ಮೌಲ್ಯ ಇಡುವ ಪುಟ್ಟ ಜಾಗ). ಅತ್ಯಂತ ಒಳಗಿನ ಕರೆ ಅಲ್ಲಿ 6 ಅನ್ನು ಇಟ್ಟಿತು. ಹೊರಗಿನ ಕರೆಗಳು ಹಿಂದಿರುಗುವಾಗ ಬೇರೇನನ್ನೂ ಮಾಡದ ಕಾರಣ ಆ ರಿಜಿಸ್ಟರ್ ಅನ್ನು ಯಾರೂ ಮುಟ್ಟಲಿಲ್ಲ. ಮುಖ್ಯ ಪ್ರೋಗ್ರಾಂ ಅದೇ ಜಾಗದಲ್ಲಿ ಇಣುಕಿ ನೋಡಿದಾಗ ಹಳೆಯ 6 ಇನ್ನೂ ಅಲ್ಲೇ ಇತ್ತು. ರಿಕರ್ಸಿವ್ ಕರೆಯ ಕೆಳಗೆ ಒಂದು ಪ್ರಿಂಟ್‌ಎಫ್ ಸೇರಿಸಿ ನೋಡಿ. ಪ್ರಿಂಟ್‌ಎಫ್ ಕೂಡ ತಾನು ಮುದ್ರಿಸಿದ ಅಕ್ಷರಗಳ ಎಣಿಕೆಯನ್ನು ರಿಟರ್ನ್ ಮಾಡುವ ಫಂಕ್ಷನ್ ಆದ್ದರಿಂದ, 6 ಇದ್ದ ಜಾಗಕ್ಕೆ ಬೇರೆ ಯಾವುದೋ ಸಂಖ್ಯೆ ಬಂದು ಕೂರುವ ಸಾಧ್ಯತೆಯೇ ಹೆಚ್ಚು. ದೋಷ ಹುಡುಕಲೆಂದು ಸೇರಿಸಿದ ಸಾಲೇ ಉತ್ತರವನ್ನು ಬದಲಿಸುವಂಥ ವಿಚಿತ್ರ ಸನ್ನಿವೇಶಗಳು ಹುಟ್ಟುವುದು ಹೀಗೆ.

ರಿಟರ್ನ್ ಇಲ್ಲದೆ ಮುಗಿದ ಫಂಕ್ಷನ್‌ನ ಮೌಲ್ಯವನ್ನು ಬಳಸಿದರೆ ಏನಾಗಬೇಕೆಂಬುದನ್ನು ಸಿ ಭಾಷೆಯ ನಿಯಮಾವಳಿ ಹೇಳುವುದೇ ಇಲ್ಲ. ಕಂಪೈಲರ್‌ನ ಆಪ್ಟಿಮೈಸೇಷನ್ ಹೆಚ್ಚಿಸಿದರೆ ಇಂದು ಬರುತ್ತಿರುವ ಉತ್ತರ ನಾಳೆ ಬರಬೇಕೆಂದಿಲ್ಲ. ಸಿ ಪ್ಲಸ್ ಪ್ಲಸ್ ಇನ್ನೂ ಕಠಿಣ. ಅಲ್ಲಿ ಮೌಲ್ಯವನ್ನು ಬಳಸದಿದ್ದರೂ ಹಾಗೆ ಮುಗಿಯುವುದೇ ತಪ್ಪು. ಜಿಸಿಸಿ ಕಂಪೈಲರ್‌ಗೆ ‘-ವಾಲ್’ ಎಂಬ ಆಯ್ಕೆಯನ್ನು ಕೊಟ್ಟರೆ ಈ ಕೊರತೆಯನ್ನು ಅದೇ ಎತ್ತಿ ತೋರಿಸುತ್ತದೆ. ಆ ಆಯ್ಕೆಯಿಲ್ಲದೆ ಸಿ ಕೋಡ್ ಕಂಪೈಲ್ ಮಾಡುವ ಅಭ್ಯಾಸವನ್ನು ಇಂದೇ ಬಿಡಿ.

ಪ್ರಶ್ನೆ: ಫೋಲ್ಡರ್‌ಗಳ ಟ್ರೀ ಒಂದರಲ್ಲಿ ಹೆಸರಿನಿಂದ ಫೋಲ್ಡರ್ ಹುಡುಕಬೇಕಾಗಿದೆ. ರಿಟರ್ನ್ ಮರೆಯಬಾರದೆಂಬುದು ಗೊತ್ತಿದ್ದುದರಿಂದ ಎಚ್ಚರಿಕೆಯಿಂದ ಹಾಕಿದ್ದೇನೆ. ಆದರೂ ಕೆಲವು ಫೋಲ್ಡರ್‌ಗಳು ಸಿಗುತ್ತವೆ, ಕೆಲವು ಸಿಗುವುದಿಲ್ಲ.

    ಫಂಕ್ಷನ್ ಹುಡುಕು(ನೋಡ್, ಹೆಸರು):
        ನೋಡ್.ಹೆಸರು == ಹೆಸರು ಆದರೆ:
            ರಿಟರ್ನ್ ನೋಡ್
        ನೋಡ್.ಮಕ್ಕಳು ಪಟ್ಟಿಯ ಪ್ರತಿ ಮಗುವಿಗೆ:
            ರಿಟರ್ನ್ ಹುಡುಕು(ಮಗು, ಹೆಸರು)

ಉತ್ತರ: ಹಿಂದಿನ ಇಬ್ಬರು ರಿಟರ್ನ್ ಮರೆತರು, ನೀವು ಅದನ್ನು ಅವಸರದಲ್ಲಿ ಹಾಕಿದ್ದೀರಿ. ಮೂಲ ಫೋಲ್ಡರ್‌ನ ಒಳಗೆ ‘ಚಿತ್ರಗಳು’, ‘ಕಡತಗಳು’, ‘ಹಾಡುಗಳು’ ಎಂಬ ಮೂರು ಫೋಲ್ಡರ್‌ಗಳಿವೆ ಎಂದಿಟ್ಟುಕೊಂಡು ‘ಹಾಡುಗಳು’ ಎಂಬುದನ್ನು ಹುಡುಕೋಣ. ಲೂಪ್ ಮೊದಲು ‘ಚಿತ್ರಗಳು’ ಫೋಲ್ಡರ್‌ಗೆ ಇಳಿಯುತ್ತದೆ. ಅದರ ಹೆಸರು ಹೊಂದುವುದಿಲ್ಲ, ಅದಕ್ಕೆ ಮಕ್ಕಳೂ ಇಲ್ಲ, ಆದ್ದರಿಂದ ಅದು ‘ನನ್’ ಕೊಡುತ್ತದೆ. ಲೂಪ್‌ನ ಒಳಗಿನ ರಿಟರ್ನ್ ಆ ‘ನನ್’ ಅನ್ನೇ ಅಂತಿಮ ಉತ್ತರವೆಂದು ಮೇಲಕ್ಕೆ ಕಳುಹಿಸಿ ಫಂಕ್ಷನ್ ಅನ್ನು ಮುಗಿಸಿಬಿಡುತ್ತದೆ. ‘ಕಡತಗಳು’ ಮತ್ತು ‘ಹಾಡುಗಳು’ ಫೋಲ್ಡರ್‌ಗಳ ಸರದಿ ಬರುವುದೇ ಇಲ್ಲ. ನಿಮ್ಮ ಫಂಕ್ಷನ್ ಟ್ರೀಯನ್ನು ಹುಡುಕುತ್ತಿಲ್ಲ, ಪ್ರತಿ ಹಂತದ ಮೊದಲ ಮಗುವಿನ ಜಾಡು ಹಿಡಿದು ಕೆಳಗಿಳಿಯುತ್ತಿದೆ. ಆ ಜಾಡಿನಲ್ಲಿರುವ ಫೋಲ್ಡರ್‌ಗಳು ಮಾತ್ರ ಸಿಗುತ್ತವೆ.

ಇಲ್ಲಿ ಬೇಕಾಗಿರುವುದು ಷರತ್ತಿನ ರಿಟರ್ನ್. ಕೆಳಗಿನಿಂದ ಬಂದದ್ದನ್ನು ಮೊದಲು ಹಿಡಿದು, ಅದು ನಿಜವಾಗಿ ಸಿಕ್ಕಿದ ಉತ್ತರವೇ ಎಂದು ನೋಡಿ, ಹೌದಾದರೆ ಮಾತ್ರ ಮೇಲಕ್ಕೆ ಕೊಡಬೇಕು. ಸಿಗಲಿಲ್ಲವೆಂದು ತೀರ್ಮಾನಿಸುವುದು ಎಲ್ಲ ಮಕ್ಕಳನ್ನೂ ನೋಡಿ ಮುಗಿಸಿದ ಮೇಲೆ:

        ನೋಡ್.ಮಕ್ಕಳು ಪಟ್ಟಿಯ ಪ್ರತಿ ಮಗುವಿಗೆ:
            ಸಿಕ್ಕಿದ್ದು = ಹುಡುಕು(ಮಗು, ಹೆಸರು)
            ಸಿಕ್ಕಿದ್ದು ‘ನನ್’ ಅಲ್ಲದಿದ್ದರೆ:
                ರಿಟರ್ನ್ ಸಿಕ್ಕಿದ್ದು
        ರಿಟರ್ನ್ ನನ್

ಕೊನೆಯ ಸಾಲು ಲೂಪ್‌ನ ಹೊರಗಿದೆ ಎಂಬುದನ್ನು ಗಮನಿಸಿ. ಅದನ್ನು ಲೂಪ್‌ನ ಒಳಕ್ಕೆ ಸರಿಸಿದರೆ ಹಳೆಯ ತಪ್ಪೇ ಬೇರೊಂದು ಬಾಗಿಲಿನಿಂದ ಒಳಬರುತ್ತದೆ. ‘ನನ್’ ಅಲ್ಲದಿದ್ದರೆ ಎಂದು ಬಿಡಿಸಿ ಬರೆದಿರುವುದಕ್ಕೂ ಕಾರಣವಿದೆ. ಬರಿದೇ ‘ಸಿಕ್ಕಿದ್ದು ನಿಜವಾದರೆ’ ಎಂಬಂತೆ ಬರೆದರೆ, ಮುಂದೊಂದು ದಿನ ಇದೇ ಫಂಕ್ಷನ್ ನೋಡ್‌ನ ಬದಲು ಅದರೊಳಗಿನ ಸಂಖ್ಯೆಯನ್ನು ಕೊಡುವಂತೆ ಬದಲಾದಾಗ, ಸಿಕ್ಕಿದ ಸಂಖ್ಯೆ 0 ಆಗಿದ್ದರೆ ಪೈಥಾನ್ ಮತ್ತು ಜಾವಾಸ್ಕ್ರಿಪ್ಟ್ ಎರಡೂ ಅದನ್ನು ಸುಳ್ಳೆಂದು ಎಣಿಸಿ ಹುಡುಕಾಟವನ್ನು ಮುಂದುವರಿಸುತ್ತವೆ. ಖಾಲಿ ಸ್ಟ್ರಿಂಗ್‌ಗೂ ಅದೇ ಪಾಡು.

ಹುಡುಕುವುದು ಒಂದು ಬಗೆಯ ಕೆಲಸ, ಎಣಿಸುವುದು ಇನ್ನೊಂದು ಬಗೆಯದು. ಒಟ್ಟು ಫೋಲ್ಡರ್‌ಗಳೆಷ್ಟು ಎಂದು ತಿಳಿಯಬೇಕಾದರೆ ಯಾವ ಮಗುವಿನ ಬಳಿಯೂ ನಿಲ್ಲುವಂತಿಲ್ಲ. ಎಲ್ಲರ ಉತ್ತರಗಳನ್ನೂ ಕೂಡಿಸಿ, ತನ್ನ ಪಾಲಿನ ಒಂದನ್ನು ಸೇರಿಸಿ, ಕೊನೆಯಲ್ಲಿ ಒಮ್ಮೆ ರಿಟರ್ನ್ ಮಾಡಬೇಕು. ಟ್ರೀಯ ಎತ್ತರ ಬೇಕಾದರೆ ಮಕ್ಕಳ ಉತ್ತರಗಳಲ್ಲಿ ಅತಿ ದೊಡ್ಡದನ್ನು ಆರಿಸಿ ಅದಕ್ಕೆ ಒಂದನ್ನು ಕೂಡಿಸಬೇಕು. ಆದ್ದರಿಂದ ರಿಕರ್ಸಿವ್ ಕರೆಯನ್ನು ಬರೆಯುವ ಮೊದಲು, ಕೆಳಗಿನಿಂದ ಬರುವ ಮೌಲ್ಯವನ್ನು ಹಾಗೆಯೇ ದಾಟಿಸುತ್ತೇನೆಯೇ, ಬೇರೆಯವುಗಳೊಂದಿಗೆ ಬೆರೆಸುತ್ತೇನೆಯೇ ಅಥವಾ ಪರೀಕ್ಷಿಸಿ ಆರಿಸುತ್ತೇನೆಯೇ ಎಂದು ನಿರ್ಧರಿಸಿಕೊಳ್ಳುವುದು ಒಳ್ಳೆಯದು.

ಜಾವಾ ಬಳಸುವವರಿಗೆ ಒಂದು ಮಾತು. ನಿಮ್ಮ ಕಂಪೈಲರ್ ಇಂಥ ತಪ್ಪುಗಳನ್ನೆಲ್ಲ ಹಿಡಿಯುತ್ತದೆಂದು ನೆಮ್ಮದಿಯಾಗಿರಬೇಡಿ. ಎಡ ಮಗುವನ್ನು ಕರೆದು, ಬಲ ಮಗುವನ್ನು ಕರೆದು, ಕೊನೆಗೆ ‘ರಿಟರ್ನ್ ಫಾಲ್ಸ್’ ಎಂದು ಬರೆದ ಫಂಕ್ಷನ್ ಅನ್ನು ಜಾವಾ ತಕರಾರಿಲ್ಲದೆ ಒಪ್ಪುತ್ತದೆ. ಎರಡೂ ಮಕ್ಕಳ ಉತ್ತರಗಳು ಕಸದ ಪಾಲಾಗಿರುವುದು ಅದಕ್ಕೆ ತಪ್ಪಾಗಿ ಕಾಣುವುದಿಲ್ಲ. ಸಿ ಪ್ಲಸ್ ಪ್ಲಸ್ 2017ರ ಆವೃತ್ತಿಯಿಂದ ‘ನೋಡಿಸ್‌ಕಾರ್ಡ್’ ಎಂಬ ಗುರುತನ್ನು ಹೊಂದಿದೆ. ಅದನ್ನು ಹಚ್ಚಿದ ಫಂಕ್ಷನ್‌ನ ಉತ್ತರವನ್ನು ಯಾರಾದರೂ ಕೈಬಿಟ್ಟರೆ ಕಂಪೈಲರ್ ಎಚ್ಚರಿಸುತ್ತದೆ. ರಸ್ಟ್‌ನಲ್ಲಿ ಇದೇ ಕೆಲಸಕ್ಕೆ ‘ಮಸ್ಟ್ ಯೂಸ್’ ಇದೆ.

ಪ್ರಶ್ನೆ: ಬಳಕೆದಾರರಿಂದ ವಯಸ್ಸನ್ನು ಕೇಳುವ ಫಂಕ್ಷನ್ ಬರೆದಿದ್ದೇನೆ. ಅವರು ಸಂಖ್ಯೆಯ ಬದಲು ಅಕ್ಷರ ಬರೆದರೆ ಅದು ಮತ್ತೆ ತನ್ನನ್ನೇ ಕರೆದುಕೊಳ್ಳುತ್ತದೆ. ಮೊದಲ ಸಲವೇ ಸರಿಯಾಗಿ ಬರೆದರೆ ತೊಂದರೆಯಿಲ್ಲ, ತಪ್ಪಿ ತಿದ್ದಿದರೆ ಮಾತ್ರ ‘ನನ್’ ಬರುತ್ತದೆ.

ಉತ್ತರ: ಮೊದಲ ಉತ್ತರದಲ್ಲಿ ವಿವರಿಸಿದ್ದೇ ಇಲ್ಲಿಯೂ ಆಗಿದೆ, ರಿಟರ್ನ್ ಸೇರಿಸಿದರೆ ಸರಿಹೋಗುತ್ತದೆ. ಆದರೆ ನನ್ನ ಸಲಹೆ ಬೇರೆ. ಈ ಕೆಲಸಕ್ಕೆ ರಿಕರ್ಷನ್ ಬೇಡ. ಇಲ್ಲಿ ದೊಡ್ಡ ಸಮಸ್ಯೆ ಚಿಕ್ಕದಾಗುತ್ತಿಲ್ಲ, ಅದೇ ಪ್ರಶ್ನೆಯನ್ನು ಮತ್ತೆ ಕೇಳುತ್ತಿದ್ದೀರಿ. ಅದಕ್ಕೆ ಒಂದು ‘ವೈಲ್’ ಲೂಪ್ ಸಾಕು.

ಪ್ರಶ್ನೆ: 1, 2, 3 ಎಂಬ ಸಂಖ್ಯೆಗಳ ಎಲ್ಲ ಉಪಗಣಗಳನ್ನು ಒಂದು ಫಲಿತಾಂಶ ಪಟ್ಟಿಗೆ ಸೇರಿಸುತ್ತಿದ್ದೇನೆ. ‘ದಾರಿ’ ಎಂಬ ಒಂದೇ ಪಟ್ಟಿಗೆ ಸಂಖ್ಯೆಯನ್ನು ಸೇರಿಸಿ ಫಂಕ್ಷನ್ ಅನ್ನು ಕರೆಯುವುದು, ಹಿಂದಿರುಗಿದ ಮೇಲೆ ಆ ಸಂಖ್ಯೆಯನ್ನು ತೆಗೆಯುವುದು ನನ್ನ ಕ್ರಮ. ಕೊನೆಯಲ್ಲಿ ಎಂಟು ಉಪಗಣಗಳು ಸಿಗುತ್ತವೆ, ಆದರೆ ಎಂಟೂ ಖಾಲಿ.

ಉತ್ತರ: ಎಂಟು ಎಂಬ ಎಣಿಕೆ ಸರಿಯಾಗಿರುವುದರಿಂದ ನಿಮ್ಮ ರಿಕರ್ಷನ್‌ನ ನಡೆ ಸರಿಯಾಗಿದೆ ಎಂದಾಯಿತು. ಫಲಿತಾಂಶ ಪಟ್ಟಿಗೆ ನೀವು ಸೇರಿಸಿದ್ದು ಎಂಟು ಪಟ್ಟಿಗಳನ್ನಲ್ಲ, ಒಂದೇ ಪಟ್ಟಿಯನ್ನು ಎಂಟು ಬಾರಿ. ‘ದಾರಿ’ ಎಂಬ ಹೆಸರು ಮೆಮೊರಿಯಲ್ಲಿರುವ ಒಂದೇ ವಸ್ತುವನ್ನು ತೋರಿಸುತ್ತದೆ, ಸೇರಿಸಿದಾಗಲೆಲ್ಲ ಉಳಿದದ್ದು ಆ ವಸ್ತುವಿನ ವಿಳಾಸವೇ ಹೊರತು ಆ ಕ್ಷಣದ ಅದರ ರೂಪವಲ್ಲ. ಕೆಲಸ ಮುಗಿಯುವ ವೇಳೆಗೆ ಎಲ್ಲ ಸಂಖ್ಯೆಗಳನ್ನೂ ತೆಗೆದಿರುತ್ತೀರಿ, ಆಗ ಎಂಟು ವಿಳಾಸಗಳೂ ಅದೇ ಖಾಲಿ ಪಟ್ಟಿಗೆ ಕೊಂಡೊಯ್ಯುತ್ತವೆ. ಸೇರಿಸುವಾಗ ‘ದಾರಿ[:]’ ಎಂದು ನಕಲು ತೆಗೆದು ಸೇರಿಸಿದರೆ ತೊಂದರೆ ತೀರುತ್ತದೆ.

ಇದನ್ನೇ ಹಂಚಿಕೊಂಡ ಪಟ್ಟಿಯಿಲ್ಲದೆ, ರಿಟರ್ನ್ ಮೌಲ್ಯಗಳಿಂದಲೇ ಕಟ್ಟಬಹುದು. ಮೊದಲ ಸಂಖ್ಯೆಯನ್ನು ಬದಿಗಿಟ್ಟು ಉಳಿದವುಗಳ ಎಲ್ಲ ಉಪಗಣಗಳನ್ನು ರಿಕರ್ಸಿವ್ ಕರೆಯಿಂದ ಪಡೆಯಿರಿ. ಅವುಗಳನ್ನು ಹಾಗೆಯೇ ಒಮ್ಮೆ, ಪ್ರತಿಯೊಂದಕ್ಕೂ ಮೊದಲ ಸಂಖ್ಯೆಯನ್ನು ಸೇರಿಸಿ ಇನ್ನೊಮ್ಮೆ ತೆಗೆದುಕೊಂಡು, ಎರಡನ್ನೂ ಜೋಡಿಸಿ ರಿಟರ್ನ್ ಮಾಡಿ. ಇಲ್ಲಿ ಬೇಸ್ ಕೇಸ್‌ನ ಮೌಲ್ಯವನ್ನು ನಿಗಾವಹಿಸಿ ಬರೆಯಬೇಕು. ಪಟ್ಟಿ ಖಾಲಿಯಾದಾಗ [] ಎಂದು ರಿಟರ್ನ್ ಮಾಡಿದರೆ, ಸೊನ್ನೆ ಉಪಗಣಗಳನ್ನು ಎರಡು ಪಟ್ಟು ಮಾಡಿದರೂ ಸೊನ್ನೆಯೇ ಆಗುವುದರಿಂದ ಇಡೀ ಉತ್ತರ ಖಾಲಿಯಾಗುತ್ತದೆ. ಖಾಲಿ ಗಣಕ್ಕೂ ಒಂದು ಉಪಗಣವಿದೆ, ಅದು ತಾನೇ. ಆದ್ದರಿಂದ ಕೊಡಬೇಕಾದದ್ದು [[]], ಅಂದರೆ ಒಂದು ಖಾಲಿ ಪಟ್ಟಿಯನ್ನು ಒಳಗೊಂಡ ಪಟ್ಟಿ. ಒಂದು, ಎರಡು, ನಾಲ್ಕು, ಎಂಟು ಎಂದು ಎಣಿಕೆ ಬೆಳೆಯಲು ಆರಂಭದ ಆ ಒಂದು ಬೇಕೇ ಬೇಕು. ಮೊತ್ತಕ್ಕೆ ಬೇಸ್ ಕೇಸ್ 0 ಆಗುವುದೂ ಗುಣಲಬ್ಧಕ್ಕೆ 1 ಆಗುವುದೂ ಇದೇ ಕಾರಣದಿಂದ. ಬೇಸ್ ಕೇಸ್ ಕೊಡುವ ಮೌಲ್ಯ ಮೇಲಿನವರ ಲೆಕ್ಕವನ್ನು ಕೆಡಿಸುವಂತಿರಬಾರದು.

ಪ್ರಶ್ನೆ: ಇಷ್ಟೆಲ್ಲ ರಿಟರ್ನ್ ಸಾಹಸ ಬೇಡವೆಂದು ಉತ್ತರವನ್ನು ಒಂದು ಗ್ಲೋಬಲ್ ವೇರಿಯಬಲ್‌ನಲ್ಲಿ ಇಟ್ಟುಬಿಡುತ್ತೇನೆ. ಇದರಲ್ಲಿ ತಪ್ಪೇನಾದರೂ ಇದೆಯೇ?

ಉತ್ತರ: ಒಮ್ಮೆ ಕರೆಯುವವರೆಗೆ ತಪ್ಪು ಕಾಣುವುದಿಲ್ಲ. ಎರಡನೆಯ ಸಲ ಕರೆದಾಗ ಹಿಂದಿನ ಉತ್ತರ ಅಲ್ಲೇ ಉಳಿದಿರುತ್ತದೆ, ಹೊಸ ಎಣಿಕೆ ಅದರ ಮೇಲೆ ಪೇರುತ್ತದೆ. ಪೈಥಾನ್‌ನಲ್ಲಿ ಪ್ಯಾರಾಮೀಟರ್‌ನ ಜಾಗದಲ್ಲಿ ‘ಫಲಿತ=[]’ ಎಂದು ಬರೆಯುವವರೂ ತಮಗೆ ಗೊತ್ತಿಲ್ಲದಂತೆ ಇದನ್ನೇ ಮಾಡುತ್ತಿರುತ್ತಾರೆ, ಏಕೆಂದರೆ ಆ ಖಾಲಿ ಪಟ್ಟಿ ಪ್ರತಿ ಕರೆಗೂ ಹೊಸದಾಗಿ ಹುಟ್ಟುವುದಿಲ್ಲ; ಫಂಕ್ಷನ್ ಅನ್ನು ವ್ಯಾಖ್ಯಾನಿಸಿದಾಗ ಒಮ್ಮೆ ಹುಟ್ಟಿ ಕೊನೆಯವರೆಗೂ ಅದೇ ಬಳಕೆಯಲ್ಲಿರುತ್ತದೆ. ಅಲ್ಲಿ ‘ಫಲಿತ=ನನ್’ ಎಂದು ಬರೆದು, ಒಳಗೆ ‘ನನ್’ ಇದ್ದರೆ ಹೊಸ ಪಟ್ಟಿಯನ್ನು ಸೃಷ್ಟಿಸುವುದು ರೂಢಿ. ಅಪೆಂಡ್ ಮಾಡಿದ ಪಟ್ಟಿಯನ್ನು ಅದೇ ಸಾಲಿನಲ್ಲಿ ಮುಂದಿನ ಕರೆಗೆ ಕೊಡಲು ಹೋಗಿಯೂ ಹಲವರು ಎಡವುತ್ತಾರೆ. ಪೈಥಾನ್‌ನ ಅಪೆಂಡ್ ಪಟ್ಟಿಯನ್ನು ಬದಲಿಸುತ್ತದೆ, ಆದರೆ ರಿಟರ್ನ್ ಮಾಡುವುದು ‘ನನ್’ ಅನ್ನು.

ಹಾಗೆಂದು ಪ್ರತಿ ರಿಕರ್ಸಿವ್ ಫಂಕ್ಷನ್ ಏನನ್ನಾದರೂ ರಿಟರ್ನ್ ಮಾಡಲೇಬೇಕೆಂದಿಲ್ಲ. ಕೊಟ್ಟ ಪಟ್ಟಿಯನ್ನು ಇದ್ದಲ್ಲಿಯೇ ವಿಂಗಡಿಸುವ ಕ್ವಿಕ್ ಸಾರ್ಟ್ ತನ್ನ ಎರಡು ಭಾಗಗಳನ್ನು ಕರೆದು ಸುಮ್ಮನೆ ಮುಗಿಯಬಹುದು. ಅದರ ಫಲ ಪಟ್ಟಿಯಲ್ಲೇ ಇರುತ್ತದೆ. ಆದರೆ ಒಂದೇ ಫಂಕ್ಷನ್ ಒಂದು ದಾರಿಯಲ್ಲಿ ಮೌಲ್ಯವನ್ನು ಕೊಟ್ಟು ಇನ್ನೊಂದು ದಾರಿಯಲ್ಲಿ ಪಟ್ಟಿಯನ್ನು ಬದಲಿಸಿ ಸುಮ್ಮನಾದರೆ, ಅದನ್ನು ಬಳಸುವವರಿಗೆ ಯಾವುದನ್ನು ನಂಬಬೇಕೆಂಬುದೇ ತಿಳಿಯುವುದಿಲ್ಲ.

ಪ್ರಶ್ನೆ: ರಿಕರ್ಸಿವ್ ಕರೆಯನ್ನು ನೇರವಾಗಿ ರಿಟರ್ನ್ ಮಾಡಿದರೆ ಸ್ಟ್ಯಾಕ್ ಬೆಳೆಯುವುದಿಲ್ಲ ಎಂದು ಕೇಳಿದ್ದೇನೆ. ಹಾಗೆ ಬರೆದರೂ ಪೈಥಾನ್‌ನಲ್ಲಿ ‘ರಿಕರ್ಷನ್ ಎರರ್’ ಏಕೆ ಬರುತ್ತದೆ?

ಉತ್ತರ: ನೀವು ಕೇಳಿರುವುದು ಟೇಲ್ ಕಾಲ್ ಕುರಿತು. ಫಂಕ್ಷನ್ ಮಾಡಬೇಕಾದ ಕೊನೆಯ ಕೆಲಸವೇ ಆ ಕರೆಯಾಗಿದ್ದರೆ ಹಳೆಯ ಕರೆಯ ಜಾಗವನ್ನು ಉಳಿಸಿಕೊಳ್ಳುವ ಅಗತ್ಯವಿರುವುದಿಲ್ಲ. ಕೆಳಗಿನವರ ಉತ್ತರವನ್ನು ನೇರವಾಗಿ ಮೇಲಿನವರಿಗೆ ಒಪ್ಪಿಸಬಹುದು. ಸ್ಕೀಮ್ ಭಾಷೆಯ ನಿಯಮಾವಳಿ ಇದನ್ನು ಕಡ್ಡಾಯ ಮಾಡಿದೆ. ಪೈಥಾನ್ ಇದನ್ನು ಮಾಡುವುದಿಲ್ಲ, ಅದು ಮರೆವಿನಿಂದಲೂ ಅಲ್ಲ; ಭಾಷೆಯ ಕರ್ತೃ ಗೀಡೋ ವಾನ್ ರೋಸಮ್ 2009ರಲ್ಲಿಯೇ ಇದನ್ನು ಬೇಡವೆಂದು ಕಾರಣ ಸಹಿತ ಬರೆದಿದ್ದಾರೆ. ದೋಷ ಸಂಭವಿಸಿದಾಗ ಯಾವ ಕರೆಯಿಂದ ಯಾವ ಕರೆಗೆ ಬಂದೆವೆಂಬ ಜಾಡು ಅಳಿಸಿಹೋಗುತ್ತದೆಂಬುದು ಅವುಗಳಲ್ಲೊಂದು, ಮತ್ತು ಅದು ನನಗೂ ಒಪ್ಪಿಗೆಯಾದ ಕಾರಣ. ಮೊತ್ತ ಅಥವಾ ಫ್ಯಾಕ್ಟೋರಿಯಲ್‌ನಲ್ಲಿ ಬರುವ ‘ರಿಟರ್ನ್ ನ * ಫ್ಯಾಕ್ಟ್(ನ - 1)’ ಎಂಬಂಥ ಸಾಲು ಟೇಲ್ ಕಾಲ್ ಅಲ್ಲವೇ ಅಲ್ಲ, ಏಕೆಂದರೆ ಕರೆ ಹಿಂದಿರುಗಿದ ಮೇಲೆ ಗುಣಿಸುವ ಕೆಲಸ ಬಾಕಿಯಿರುತ್ತದೆ.

ಪೈಥಾನ್ ಸಾಮಾನ್ಯವಾಗಿ ಹಾಕಿಕೊಂಡಿರುವ ಮಿತಿ 1000 ಕರೆಗಳು; ಅದನ್ನು ದಾಟಿದಾಗ ಬರುವುದೇ ‘ರಿಕರ್ಷನ್ ಎರರ್’. ಈ ಮಿತಿ ಅಡ್ಡಬರುತ್ತದೆಯೇ ಎಂಬುದು ಸಮಸ್ಯೆ ಎಷ್ಟು ಬೇಗ ಕುಗ್ಗುತ್ತದೆ ಎಂಬುದನ್ನು ಅವಲಂಬಿಸಿದೆ. ಮ.ಸಾ.ಅ. ಲೆಕ್ಕದಲ್ಲಿ ಭಾಗಾಕಾರದ ಹೆಜ್ಜೆಗಳು ಚಿಕ್ಕ ಸಂಖ್ಯೆಯಲ್ಲಿರುವ ಅಂಕಿಗಳ ಐದು ಪಟ್ಟನ್ನು ಎಂದೂ ಮೀರುವುದಿಲ್ಲವೆಂದು ಫ್ರೆಂಚ್ ಗಣಿತಜ್ಞ ಗೇಬ್ರಿಯಲ್ ಲಾಮೆ 1844ರಲ್ಲಿ ಸಾಧಿಸಿ ತೋರಿಸಿದ್ದರು. ನೂರು ಅಂಕಿಗಳ ಸಂಖ್ಯೆಗೂ ಹೆಚ್ಚೆಂದರೆ ಐನೂರು ಹೆಜ್ಜೆ. ಆದರೆ ಹತ್ತು ಸಾವಿರ ಅಂಶಗಳ ಪಟ್ಟಿಯನ್ನು ಪ್ರತಿ ಕರೆಗೆ ಒಂದೊಂದೇ ಅಂಶ ಕಡಿಮೆ ಮಾಡುತ್ತ ಕೂಡಿಸಹೊರಟರೆ, ರಿಟರ್ನ್‌ಗಳೆಲ್ಲ ಸರಿಯಾಗಿದ್ದರೂ ಹತ್ತನೆಯ ಒಂದು ಭಾಗವೂ ಮುಗಿಯದೆ ಪ್ರೋಗ್ರಾಂ ನಿಂತುಬಿಡುತ್ತದೆ. ಅಂಥ ಕಡೆ ಮಿತಿಯನ್ನು ಏರಿಸುವ ಬದಲು ಲೂಪ್ ಬರೆಯಿರಿ, ಇಲ್ಲವೇ ಪಟ್ಟಿಯನ್ನು ಪ್ರತಿ ಸಲವೂ ಅರ್ಧಕ್ಕೆ ಸೀಳಿ ಎರಡೂ ಭಾಗಗಳ ಮೊತ್ತವನ್ನು ಕೂಡಿಸಿ ರಿಟರ್ನ್ ಮಾಡಿ. ಆಗ ಹತ್ತು ಸಾವಿರ ಅಂಶಗಳಿಗೆ ಆಳ ಹದಿನೈದನ್ನು ದಾಟುವುದಿಲ್ಲ.